ಕುಮಾವೂನಿ ಮನೆತನದ ಕನ್ನಡ ಸೊಸೆ: ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬಹುದು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು. ನನ್ನ ಯಜಮಾನರು ಉತ್ತರಾಖಂಡದ ಅಲ್ಮೋಡಾ ಕಡೆಯ ಕುಮಾವೂನಿ ಕುಟುಂಬದವರು. ಬೆಂಗಳೂರಿನಲ್ಲಿ ನೆಲೆಸಿದ್ದೇವೆ. ಒಂಬತ್ತು ವರ್ಷದ ಮಗನೂ ಐದು ವರ್ಷದ ಮಗಳೂ ಇದ್ದಾರೆ. ಮಕ್ಕಳ ಜೊತೆ ನಾನು ಕನ್ನಡ ಮಾತನಾಡುತ್ತೇನೆ, ಯಜಮಾನರು ಹಿಂದಿ ಮಾತನಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್. ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಬಂದು ಚಳಿಗಾಲ ಕಳೆದು ಹೋಗುವ ಅತ್ತೆಯವರಷ್ಟೇ ಕುಮಾವೂನಿ ಮಾತನಾಡುವವರು, ಯಜಮಾನರು ಅವರೊಡನೆ ಮಾತ್ರ ಆ ಭಾಷೆ ಆಡುತ್ತಾರೆ. ಕಳೆದ ದೀಪಾವಳಿಗೆ ನಾನು ಆನ್‌ಲೈನಿನಲ್ಲಿ ತರಿಸಿದ ಐಪಣ್ (ಅವರ ಕಡೆಯ ರಂಗೋಲಿ) ಸ್ಟಿಕ್ಕರನ್ನು ಹೊಸ್ತಿಲಿಗೆ ಅಂಟಿಸಿದ್ದನ್ನು ಕಂಡು ಅವರು, 'ನಮ್ಮದೆಲ್ಲ ನಮ್ಮ ಕಾಲಕ್ಕೇ ಮುಗಿಯಿತು' ಎಂದು ಕಣ್ಣೀರು ಹಾಕಿದರು. ಮಗನಿಗೆ ಪದೇ ಪದೇ ಉಬ್ಬಸ ಬರುತ್ತದೆ. ಕುಲದೇವರು ಮುನಿದಿದ್ದಾನೆ, ಊರಿನಲ್ಲಿ ಜಾಗರ್, ಅಂದರೆ ದೈವವನ್ನು ಮೈಮೇಲೆ ಬರಿಸುವ ರಾತ್ರಿಯ ಆಚರಣೆ ಮಾಡಿಸಬೇಕು ಎನ್ನುತ್ತಾರೆ. ಊರಿನ ಮನೆಗೆ ಬೀಗ ಬಿದ್ದು ವರ್ಷಗಳಾಗಿವೆ, ಮೈದುನ ಅದನ್ನು ಮಾರಿಬಿಡೋಣ ಎನ್ನುತ್ತಿದ್ದಾರೆ. ಮಕ್ಕಳ ತಲೆಗೆ ನಾಲ್ಕನೆಯ ಭಾಷೆ ಹೊರೆಯಾಗುವುದಿಲ್ಲವೇ? ಹೊರಗಿನಿಂದ ಬಂದ ನಾನು ಇದರಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು? ಅದನ್ನು ತೀರ್ಮಾನಿಸುವ ಹಕ್ಕಾದರೂ ನನಗೆ ಇದೆಯೇ?

ಉತ್ತರ: ಭಾಷೆ, ಐಪಣ್, ಜಾಗರ್, ಊರಿನ ಮನೆ ಎಂದು ನೀವು ನಾಲ್ಕು ವಿಷಯಗಳನ್ನು ಕೇಳಿದ್ದೀರಿ. ಆದರೆ ಅವುಗಳ ಹಿಂದಿರುವ ಆತಂಕ ಒಂದೇ: ಒಂದು ಮನೆತನದ ನಡವಳಿಕೆ ನಿಮ್ಮ ಕೈಯಲ್ಲಿ ಕೊನೆಗೊಂಡಿತು ಎಂಬ ಮಾತು ಬರಬಾರದು ಎಂಬುದು. ಹಿಮಾಲಯದ ಹಳ್ಳಿಗಳ ಆಚರಣೆಗಳನ್ನು ಅಧ್ಯಯನ ಮಾಡುತ್ತ ಬಂದಿರುವ ನನಗೆ ದೆಹಲಿ, ಲಖನೌ, ಹಲ್ದ್ವಾನಿಗಳಲ್ಲಿ ನೆಲೆಸಿದ ಕುಟುಂಬಗಳಿಂದಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ಸೊಸೆಯೂ ಕುಮಾವೂನಿಯೇ ಆಗಿರುತ್ತಾಳೆ, ಆದರೂ ಅತ್ತೆಯ ಕಣ್ಣೀರು ತಪ್ಪುವುದಿಲ್ಲ. ಆದ್ದರಿಂದ ನೀವು ಕನ್ನಡದವರಾಗಿರುವುದೇ ಇದಕ್ಕೆ ಕಾರಣ ಎಂದು ಮೊದಲೇ ತಪ್ಪೊಪ್ಪಿಕೊಳ್ಳಬೇಡಿ.

ಕೊನೆಯಲ್ಲಿ ಕೇಳಿದ ಹಕ್ಕಿನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೊರಗಿನಿಂದ ಬಂದ ಸೊಸೆಗೆ ಸಂಪ್ರದಾಯದ ಮೇಲೆ ಹಕ್ಕಿಲ್ಲ ಎಂಬ ಮಾತು ಕುಮಾವೂನಿನ ರೂಢಿಯನ್ನು ನೋಡಿದರೇ ನಿಲ್ಲುವುದಿಲ್ಲ. ಅಲ್ಲಿಯೂ ಸೊಸೆ ಬರುವುದು ಸಾಮಾನ್ಯವಾಗಿ ಬೇರೆ ಊರಿನಿಂದ, ಎಷ್ಟೋ ಸಲ ನದಿಯಾಚೆಯ ಇನ್ನೊಂದು ಕಣಿವೆಯಿಂದ, ಬೇರೆ ಧಾಟಿಯ ಮಾತಿನೊಂದಿಗೆ. ಮದುವೆಯಾದ ಮೇಲೆ ಅವಳನ್ನು ಊರಿನ ನೌಲಾದ ಬಳಿಗೆ, ಅಂದರೆ ಕಲ್ಲು ಕಟ್ಟಿದ ಒರತೆಯ ಬಳಿಗೆ ಕರೆದೊಯ್ದು ನೀರಿಗೆ ಪೂಜೆ ಮಾಡಿಸುವ ಕ್ರಮವಿದೆ. ಅಲ್ಲಿಂದ ಮುಂದೆ ಹೊಸ್ತಿಲಿಗೆ ಐಪಣ್ ಬರೆಯುವವಳೂ, ಹರೇಲಾ ಹಬ್ಬದ ಧಾನ್ಯ ಬಿತ್ತುವವಳೂ, ಶುಭಕಾರ್ಯದ ಆರಂಭದಲ್ಲಿ ಶಕುನಾಖರ್ ಎಂಬ ಮಂಗಳಗೀತೆ ಹಾಡುವವಳೂ ಹೆಚ್ಚಾಗಿ ಹೀಗೆ ಹೊರಗಿನಿಂದ ಬಂದು ಮನೆಯವಳಾದ ಸೊಸೆಯೇ. ನಿಮ್ಮ ಅತ್ತೆಯವರ ತವರಿನ ಐಪಣ್ ಗೆರೆಗಳು ಗಂಡನ ಮನೆಯ ಗೆರೆಗಳಿಗಿಂತ ಹೇಗೆ ಬೇರೆಯಾಗಿದ್ದವು, ಅವರ ಅತ್ತೆ ಅದಕ್ಕೆ ಏನೆಂದರು ಎಂದು ಒಮ್ಮೆ ಕೇಳಿ ನೋಡಿ. ನನ್ನ ಅನುಭವದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡದ ಹಿರಿಯ ಹೆಂಗಸರು ಕಡಿಮೆ.

ಇನ್ನು, ಬೆಟ್ಟದಲ್ಲಿ ಎಲ್ಲರಿಗೂ ಒಂದೇ ಆಗಿದ್ದ, ಬದಲಾಗದ, ಶುದ್ಧವಾದ ಒಂದು ಸಂಪ್ರದಾಯವಿತ್ತು, ಅದೀಗ ಕೆಡುತ್ತಿದೆ ಎಂಬ ನಂಬಿಕೆಯನ್ನು ನೋಡೋಣ. ಕುಮಾವೂನಿಗರು ಬಹಳ ಹೆಮ್ಮೆಪಡುವ ಬೈಠಕಿ ಹೋಳಿಯನ್ನೇ ತೆಗೆದುಕೊಳ್ಳಿ. ಪುಷ್ಯ ಮಾಸದ ಮೊದಲ ಭಾನುವಾರದಿಂದಲೇ ಆರಂಭವಾಗಿ, ಮನೆಮನೆಯಲ್ಲಿ ಹಾರ್ಮೋನಿಯಂ, ತಬಲಾಗಳೊಂದಿಗೆ ಶಾಸ್ತ್ರೀಯ ರಾಗಗಳಲ್ಲಿ ಹಾಡುವ ಈ ಪದ್ಧತಿ ಅಲ್ಮೋಡಾ, ನೈನಿತಾಲ್‌ಗಳ ಗುರುತೇ ಆಗಿದೆ. ಆದರೆ ಆ ಹಾಡುಗಳ ಭಾಷೆ ಬಹುಪಾಲು ಬ್ರಜ. ಬಯಲಿನಿಂದ ಬಂದದ್ದನ್ನು ಬೆಟ್ಟದವರು ತಮ್ಮ ಧಾಟಿಗೆ ಒಗ್ಗಿಸಿಕೊಂಡರು. ಮದುವೆಯ ದಿಬ್ಬಣದ ಮುಂದೆ ಕತ್ತಿ ಗುರಾಣಿ ಹಿಡಿದು ಕುಣಿಯುವ ಛೋಲಿಯಾ ಕುಣಿತದಲ್ಲಿ ಢೋಲ್, ದಮಾವು, ರಣಸಿಂಗಗಳ ಜೊತೆ ಕೇಳಿಬರುವ ಮಶಕ್‌ಬೀನ್ ಬ್ರಿಟಿಷ್ ಸೇನೆಯ ಬ್ಯಾಗ್‌ಪೈಪ್. ಸೈನಿಕರು ತಂದ ಆ ವಾದ್ಯವಿಲ್ಲದೆ ಇಂದು ಛೋಲಿಯಾ ಅಪೂರ್ಣ ಎನ್ನಿಸುತ್ತದೆ. ಸಂಕ್ರಾಂತಿಯ ಘುಘುತಿಯಾ ಹಬ್ಬದಲ್ಲಿ ಸರಯೂ ನದಿಯ ಆಚೆಗೂ ಈಚೆಗೂ ಒಂದು ದಿನದ ವ್ಯತ್ಯಾಸವಿದೆ. ಐಪಣ್ ಹೆಚ್ಚಾಗಿ ಬ್ರಾಹ್ಮಣ, ಸಾಹ್ ಮುಂತಾದ ಕುಟುಂಬಗಳಲ್ಲಿ ಬೆಳೆದ ಕಲೆ. ಟಿಬೆಟ್ಟಿನೊಂದಿಗೆ ವ್ಯಾಪಾರ ಮಾಡಿಕೊಂಡಿದ್ದ ಜೋಹಾರ್ ಕಣಿವೆಯ ಶೌಕಾ ಜನರ ಬದುಕಿನ ಕ್ರಮವೇ ಬೇರೆಯಿತ್ತು, 1962ರ ಯುದ್ಧದ ನಂತರ ಗಡಿ ಮುಚ್ಚಿದಾಗ ಅವರದು ಒಮ್ಮೆಗೇ ತಲೆಕೆಳಗಾಯಿತು.

ಬದಲಾವಣೆ ಎಲ್ಲವೂ ಹೊರಗಿನಿಂದಲೇ ಬಂತು ಎಂದೂ ಹೇಳಲಾಗದು. ಬಾಗೇಶ್ವರದ ಉತ್ತರಾಯಣಿ ಜಾತ್ರೆ ಸಂಗಮಸ್ನಾನದ ಜಾತ್ರೆ. ಆದರೆ 1921ರ ಜನವರಿಯಲ್ಲಿ ಬದ್ರಿ ದತ್ತ ಪಾಂಡೆಯವರ ನೇತೃತ್ವದಲ್ಲಿ ಸೇರಿದ ಜನರು, ಸರ್ಕಾರಿ ಅಧಿಕಾರಿಗಳ ಮೂಟೆಗಳನ್ನು ಬಿಟ್ಟಿಯಾಗಿ ಹೊರಬೇಕಿದ್ದ 'ಕುಲಿ ಬೇಗಾರ್' ಪದ್ಧತಿಯ ದಾಖಲೆ ಪುಸ್ತಕಗಳನ್ನು ಅದೇ ಜಾತ್ರೆಯಲ್ಲಿ ಸರಯೂ ನದಿಗೆ ಎಸೆದರು. ಇಂದು ಆ ಜಾತ್ರೆಯ ನೆನಪಿನಲ್ಲಿ ಸ್ನಾನವೂ ಇದೆ, ಆ ಎಸೆತವೂ ಇದೆ. ಚಂಪಾವತ್ ಜಿಲ್ಲೆಯ ದೇವಿಧುರಾದಲ್ಲಿ ರಕ್ಷಾಬಂಧನದ ದಿನ ನಾಲ್ಕು ಬಣಗಳು ಪರಸ್ಪರ ಕಲ್ಲು ತೂರುವ ಬಗ್ವಾಲ್ ನಡೆಯುತ್ತಿತ್ತು. ನ್ಯಾಯಾಲಯದ ಮಧ್ಯಪ್ರವೇಶದ ನಂತರ ಅದು ಹೆಚ್ಚಾಗಿ ಹಣ್ಣು, ಹೂಗಳ ಬಗ್ವಾಲ್ ಆಗಿದೆ. ದೇವಿ ಮುನಿದಳು ಎಂದು ಯಾರೂ ಅಲ್ಲಿ ಜಾತ್ರೆ ಬಿಟ್ಟಿಲ್ಲ.

ಹಾಗಾದರೆ ನಿಮ್ಮ ಅತ್ತೆಯವರ ದುಃಖ ಸುಳ್ಳೇ? ಖಂಡಿತ ಅಲ್ಲ. ಅವರಿಗೆ ಕಾಣುತ್ತಿರುವ ನಷ್ಟ ನಿಜ, ಕಾರಣವನ್ನು ಮಾತ್ರ ಅವರು ತಪ್ಪಾಗಿ ಗುರುತಿಸುತ್ತಿದ್ದಾರೆ. ಮಕ್ಕಳ ಉದಾಸೀನ, ಮೊಬೈಲು, ಹೊರಗಿನ ಸೊಸೆ, ಇವೆಲ್ಲ ಕಣ್ಣಿಗೆ ಬೀಳುವ ಕಾರಣಗಳು. ನಿಜವಾದ ಕಾರಣ, ಆಚರಣೆಗಳು ಯಾವ ದುಡಿಮೆಯ ಜೊತೆ ಹೆಣೆದುಕೊಂಡಿದ್ದವೋ ಆ ದುಡಿಮೆಯೇ ಇಲ್ಲವಾದದ್ದು. ಭತ್ತದ ನಾಟಿಯ ದಿನ ಗದ್ದೆಯ ಬದುವಿನ ಮೇಲೆ ಒಬ್ಬನು ಹುಡುಕಾ ಎಂಬ ಚಿಕ್ಕ ಕೈವಾದ್ಯ ಬಾರಿಸುತ್ತ ಹಾಡಿದರೆ, ಸಾಲಾಗಿ ಬಗ್ಗಿ ನಾಟಿ ಮಾಡುವ ಹೆಂಗಸರು ಸೊಲ್ಲು ಎತ್ತಿಕೊಳ್ಳುವ ಪದ್ಧತಿಗೆ ಹುಡಕಿಯಾ ಬೌಲ್ ಎಂದು ಹೆಸರು. ಕಣಿವೆಯ ಗದ್ದೆಗಳು ಪಾಳು ಬಿದ್ದು, ಕಾಡುಹಂದಿಗೂ ಮಂಗಗಳಿಗೂ ಹೆದರಿ ಉಳಿದವರೂ ಬಿತ್ತನೆ ಬಿಟ್ಟ ಮೇಲೆ ಆ ಹಾಡು ಎಲ್ಲಿ ನಿಲ್ಲಬೇಕು? ಅದನ್ನು ವೇದಿಕೆಯ ಮೇಲೆ ಹಾಡಬಹುದು, ಹಾಡುತ್ತಲೂ ಇದ್ದಾರೆ. ಆದರೆ ಅಲ್ಲಿ ಅದು ಪ್ರದರ್ಶನ, ಗದ್ದೆಯಲ್ಲಿ ಅದು ಬೆನ್ನುನೋವಿಗೆ ಜೊತೆಯಾಗಿದ್ದ ದನಿ. ನಲ್ಲಿ ಬಂದ ಊರುಗಳಲ್ಲಿ ನೌಲಾಕ್ಕೆ ಹೋಗುವವರಿಲ್ಲ, ಹೋಗುವವರಿಲ್ಲದ ನೌಲಾವನ್ನು ಸ್ವಚ್ಛ ಮಾಡುವವರಿಲ್ಲ.

ವಲಸೆಯ ಪ್ರಮಾಣ ಸಣ್ಣದಲ್ಲ. 2001ರಿಂದ 2011ರ ನಡುವೆ ದೇಶದ ಜನಸಂಖ್ಯೆ ಏರುತ್ತಿದ್ದಾಗ ಉತ್ತರಾಖಂಡದ ಎರಡು ಜಿಲ್ಲೆಗಳಲ್ಲಿ ಅದು ಇಳಿಯಿತು. ಒಂದು ಗಢವಾಲದ ಪೌರಿ, ಇನ್ನೊಂದು ನಿಮ್ಮ ಯಜಮಾನರ ಅಲ್ಮೋಡಾ. 2017ರಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ವಲಸೆ ಆಯೋಗವನ್ನು ರಚಿಸಿತು. ಅದರ ಮುಂದಿನ ವರ್ಷದ ವರದಿಯ ಪ್ರಕಾರ ಊರು ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಬಿಟ್ಟಿದ್ದು ಜೀವನೋಪಾಯಕ್ಕಾಗಿ, ನಂತರದ ದೊಡ್ಡ ಕಾರಣಗಳು ಶಿಕ್ಷಣ ಮತ್ತು ವೈದ್ಯಕೀಯ ಸೌಲಭ್ಯ. ಮಗನನ್ನು ಓದಿಸಿ ಬಯಲಿಗೆ ಕಳಿಸಿದ್ದು ನಿಮ್ಮ ಅತ್ತೆಯವರ ತಲೆಮಾರೇ, ಅದೂ ಪ್ರೀತಿಯಿಂದ. ಈ ಮಾತನ್ನು ಅವರೆದುರು ವಾದವಾಗಿ ಹೂಡಬೇಡಿ, ನಿಮ್ಮ ಮನಸ್ಸಿನ ತಿಳಿವಳಿಕೆಗೆ ಇರಲಿ.

ಮೇಲಿನದೆಲ್ಲದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಬೆಂಗಳೂರಿನ ಮನೆಯಲ್ಲಿ ಎಲ್ಲ ಆಚರಣೆಗಳನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಮಾಡಲು ಇಂದಿಗೂ ಒಂದು ಕೆಲಸ, ಮಾಡಿಸಿಕೊಳ್ಳಲು ಇಂದಿಗೂ ಒಬ್ಬ ಮನುಷ್ಯ ಇರುವಂಥ ಆಚರಣೆಗಳು ಮಾತ್ರ ಉಳಿಯುತ್ತವೆ. ಅಂಥವು ನಿಮ್ಮ ಮನೆಯಲ್ಲಿ ಯಾವುವು ಎಂಬುದನ್ನು ಹುಡುಕುವುದೇ ಮುಂದಿನ ಕೆಲಸ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಮೂರು ನಾಲ್ಕು ಭಾಷೆಗಳು ಸೇರಿದರೆ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹಲವು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಉಂಟಾಗುವುದಿಲ್ಲ ಎಂಬುದು ಭಾಷಾತಜ್ಞರಲ್ಲಿ ಈಗ ಒಪ್ಪಿತವಾದ ಮಾತು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದವರು ಕರಾವಳಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಹೊರೆಯಾಗುವುದು ಭಾಷೆಯಲ್ಲ, ಅದನ್ನು ಪಾಠವಾಗಿ ಹೇರುವ ರೀತಿ.

ಕುಮಾವೂನಿಯ ಸ್ಥಿತಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2011ರ ಜನಗಣತಿಯಲ್ಲಿ ಸುಮಾರು 20 ಲಕ್ಷ ಜನ ಅದನ್ನು ಮಾತೃಭಾಷೆ ಎಂದು ಬರೆಸಿದರು. ಆದರೆ ಲೆಕ್ಕದಲ್ಲಿ ಅದು ಹಿಂದಿಯ ಅಡಿಯಲ್ಲಿ ಸೇರಿಹೋಯಿತು. ರಾಜ್ಯದ ಆಡಳಿತ ಭಾಷೆ ಹಿಂದಿ, ಎರಡನೆಯದು ಸಂಸ್ಕೃತ, ಹೀಗಾಗಿ ಕುಮಾವೂನಿಗೂ ಗಢವಾಲಿಗೂ ಕಚೇರಿಯಲ್ಲಿ ಜಾಗವಿಲ್ಲ. ಅಳಿವಿನ ಭೀತಿಯಲ್ಲಿರುವ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲಿ ಅದು ಅಪಾಯದ ಮೊದಲ ಮೆಟ್ಟಿಲಿನಲ್ಲಿದೆ. ಮಕ್ಕಳು ಮಾತನಾಡುತ್ತಾರೆ, ಆದರೆ ಮನೆಯಂಥ ಕೆಲವೇ ಕಡೆ ಮಾತ್ರ ಎಂಬುದು ಆ ಮೆಟ್ಟಿಲಿನ ಅರ್ಥ. ಹತ್ತೊಂಬತ್ತನೆಯ ಶತಮಾನದ ಗುಮಾನಿ ಪಂತರಿಂದ ಹಿಡಿದು ಕವಿಗಳ ಪರಂಪರೆಯೇ ಇರುವ ಭಾಷೆಗೆ ಈ ಗತಿ ಬಂದದ್ದರಲ್ಲಿ ನಾಚಿಕೆಯ ಪಾತ್ರವೂ ದೊಡ್ಡದು. ಬಯಲಿನ ಶಾಲೆಗಳಲ್ಲಿ 'ಪಹಾಡಿ' ಎಂದು ಗೇಲಿಗೆ ಒಳಗಾದ ಒಂದು ತಲೆಮಾರು ತಮ್ಮ ಮಕ್ಕಳಿಗೆ ಅದು ಬೇಡವೆಂದು ಹಿಂದಿಗೆ ಹೊರಳಿತು. ನಿಮ್ಮ ಯಜಮಾನರು ತಾಯಿಯ ಜೊತೆ ಕುಮಾವೂನಿ, ಮಕ್ಕಳ ಜೊತೆ ಹಿಂದಿ ಎಂದು ಇಟ್ಟುಕೊಂಡಿರುವ ಗೆರೆ ಬಹುಶಃ ಅಲ್ಲಿಂದಲೇ ಬಂದದ್ದು. ಅವರೊಡನೆ ಕುಳಿತು ಅದನ್ನು ಒಮ್ಮೆ ಮಾತನಾಡಿ.

ಏಕೆಂದರೆ ಇಲ್ಲಿ ಮೊದಲು ಬದಲಾಗಬೇಕಾದವರು ನೀವೂ ಅಲ್ಲ, ಮಗನೂ ಅಲ್ಲ, ಅವರು. ನೀವು ಕನ್ನಡವನ್ನು ಬಿಡುವ ಪ್ರಶ್ನೆಯೇ ಇಲ್ಲ. ಕನ್ನಡ ಮಕ್ಕಳಿಗೆ ತಾಯಿಯ ಭಾಷೆಯೂ ಹೌದು, ಅವರು ಬೆಳೆಯುತ್ತಿರುವ ನೆಲದ ಭಾಷೆಯೂ ಹೌದು. ಹಿಂದಿಯನ್ನು ಮಕ್ಕಳು ಹೇಗೂ ಕಲಿಯುತ್ತಾರೆ. ಆದ್ದರಿಂದ ತಂದೆ ಹಿಂದಿಗೆ ಕೊಡುತ್ತಿರುವ ಸಮಯದಲ್ಲಿ ಸ್ವಲ್ಪವನ್ನು ಕುಮಾವೂನಿಗೆ ಕೊಟ್ಟರೆ ಸಾಕು. ಉಣ್ಣುವ ಹೊತ್ತು, ಮಲಗಿಸುವ ಹೊತ್ತು, ಅಜ್ಜಿಗೆ ಫೋನು ಮಾಡುವ ಹೊತ್ತು, ಹೀಗೆ ಒಂದು ಹೊತ್ತನ್ನು ಆ ಭಾಷೆಗೆ ಮೀಸಲಿಡಲಿ. ಅಜ್ಜಿ 'ಆಮಾ', ಅಜ್ಜ 'ಬುಬು', ಅಣ್ಣ 'ದಾಜ್ಯೂ' ಎಂಬ ಸಂಬಂಧದ ಮಾತುಗಳೂ, ಹಿರಿಯರ ಕಾಲಿಗೆ ಎರಗುವಾಗ ಹೇಳುವ 'ಪೈಲಾಗ್' ಎಂಬುದೂ ಮೊದಲು ಬರಲಿ. ಅತ್ತೆಯವರಿಗೆ ನೀವು ಹೇಳಬೇಕಾದದ್ದು ಒಂದೇ, ಮೊಮ್ಮಕ್ಕಳು ಹಿಂದಿಯಲ್ಲಿ ಉತ್ತರಿಸಿದರೂ ತಾವು ಕುಮಾವೂನಿಯನ್ನು ಬಿಡಬಾರದು ಎಂದು. ನಗರಕ್ಕೆ ಬಂದ ಅಜ್ಜಿಯರು ಮೊಮ್ಮಕ್ಕಳಿಗೆ ಅರ್ಥವಾಗಲೆಂದು ಮುರುಕು ಹಿಂದಿಗೆ ಇಳಿಯುತ್ತಾರೆ. ನಾನು ಕಂಡ ಮಟ್ಟಿಗೆ ಭಾಷೆ ಕೈಬಿಡುವುದು ಬಹಳ ಸಲ ಅಲ್ಲಿಯೇ.

ಇದರಲ್ಲಿ ಅಪಾಯವೂ ಇದೆ. ಒಂಬತ್ತು ವರ್ಷದ ಹುಡುಗ ತಪ್ಪಾಗಿ ಆಡಿದ ಮಾತಿಗೆ ಮನೆಯವರು ನಕ್ಕರೆ ಅವನು ಮತ್ತೆ ಬಾಯಿ ತೆರೆಯುವುದಿಲ್ಲ. ನೆಂಟರು ಬಂದಾಗ 'ಒಂದು ಕುಮಾವೂನಿ ಮಾತು ಹೇಳು' ಎಂದು ಒಪ್ಪಿಸಲು ನಿಲ್ಲಿಸುವುದೂ ಹಾಗೆಯೇ. ನಿರೀಕ್ಷೆಯನ್ನೂ ಹದದಲ್ಲಿಟ್ಟುಕೊಳ್ಳಿ. ಕೇಳಿದ್ದು ಅರ್ಥವಾಗಿ, ಹತ್ತು ಮಾತು ತಾನಾಗಿ ಆಡಿದರೆ ಈ ವಯಸ್ಸಿಗೆ, ಈ ದೂರಕ್ಕೆ ಅದು ಒಳ್ಳೆಯ ಫಲ. ಐದು ವರ್ಷದ ಮಗಳು ಬಹುಶಃ ಅಣ್ಣನನ್ನು ಮೀರಿಸುತ್ತಾಳೆ.

ಐಪಣ್ ಸ್ಟಿಕ್ಕರಿನ ವಿಷಯದಲ್ಲಿ ನಾನು ಅತ್ತೆಯವರ ಪಕ್ಷ, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ. ಸ್ಟಿಕ್ಕರ್ ಅಪಚಾರವಲ್ಲ. 2021ರಲ್ಲಿ ಐಪಣ್‌ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಮೇಲೆ ಬಟ್ಟೆ, ಲೋಟ, ಕೈಚೀಲಗಳ ಮೇಲೆಲ್ಲ ಅದು ಬಂದಿದೆ. ಎಷ್ಟೋ ಹೆಣ್ಣುಮಕ್ಕಳು ಅದರಿಂದ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ, ಅದು ಸಂತೋಷವೇ. ಮದುವೆಯಲ್ಲಿ ಹೊದೆಯುವ ಹಳದಿ ಮೇಲೆ ಕೆಂಪು ಚುಕ್ಕೆಗಳ ರಂಗ್‌ವಾಲಿ ಪಿಛೋಡಾ ಸಹ, ಮನೆಯ ಹೆಂಗಸರು ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಬಣ್ಣದಲ್ಲಿ ಅದ್ದಿ ಒತ್ತುತ್ತಿದ್ದ ಕಾಲ ಹೋಗಿ, ಈಗ ಅಂಗಡಿಯಲ್ಲಿ ಅಚ್ಚಾಗಿ ಸಿಗುತ್ತದೆ. ಆದರೆ ಸ್ಟಿಕ್ಕರ್ ಅಂಟಿಸಲು ಅತ್ತೆಯವರು ಬೇಕಾಗುವುದಿಲ್ಲ. ಅವರ ಕಣ್ಣೀರಿಗೆ ಕಾರಣ ಅದು.

ಐಪಣ್ ಮಾಡುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಗೇರು ಎಂದು ಅವರು ಕರೆಯುವ ಕೆಮ್ಮಣ್ಣಿನಿಂದ ನೆಲವನ್ನು ಸಾರಿಸಿ ಒಣಗಲು ಬಿಡುತ್ತಾರೆ. ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ, ಬೆರಳಿನಿಂದ ಇಳಿಯುವಷ್ಟು ತೆಳುವಾಗಿಸಿದರೆ ಬಿಸ್ವಾರ್ ಸಿದ್ಧ. ಕಡ್ಡಿ, ಕುಂಚಗಳಿಲ್ಲ, ಬಲಗೈಯ ಬೆರಳುಗಳನ್ನು ಅದ್ದಿ ಗೆರೆ ಎಳೆಯುವುದು. ಹೊಸ್ತಿಲಿನ ಮೇಲೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಇಳಿಬಿಡುವ ಧಾರೆಗಳಿಗೆ ವಸುಧಾರಾ ಎಂದು ಹೆಸರು. ದೀಪಾವಳಿಗೆ ಬಾಗಿಲಿನಿಂದ ದೇವರ ಕೋಣೆಯವರೆಗೆ ಮುಷ್ಟಿಯೊತ್ತಿ, ಆಮೇಲೆ ಅದರ ಮೇಲೆ ಬೆರಳ ಚುಕ್ಕೆ ಇಟ್ಟು ಲಕ್ಷ್ಮಿಯ ಪಾದ ಮೂಡಿಸುತ್ತಾರೆ. ನಮ್ಮ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ. ಅಲ್ಲಿ ಗೆರೆ ಮೊದಲು, ಚುಕ್ಕಿ ಕೊನೆಗೆ, ಚುಕ್ಕಿ ಬೀಳದ ಐಪಣ್ ಅಪೂರ್ಣ. ಮುಂಜಾನೆ ರಂಗೋಲಿ ಹಾಕಿ ಅಭ್ಯಾಸವಿರುವ ನಿಮ್ಮ ಕೈಗೆ ಇದು ಒಂದು ವಾರದ ಕೆಲಸ. ಫ್ಲ್ಯಾಟಿನ ಟೈಲ್ಸ್ ನೆಲಕ್ಕೆ ಕೆಮ್ಮಣ್ಣು ಹಿಡಿಯುವುದಿಲ್ಲವಾದರೆ ಒಂದು ಮರದ ಮಣೆಯ ಮೇಲೆ ಬರೆಯಿರಿ. ಊರಿನಲ್ಲಿಯೂ ಚೌಕಿ ಎಂಬ ಪೂಜೆಯ ಐಪಣ್‌ಗಳನ್ನು ಮಣೆಯ ಮೇಲೆ ಬರೆಯುವುದುಂಟು. ಮುಂದಿನ ದೀಪಾವಳಿಗೆ ಅತ್ತೆಯವರಿಂದ ಬರೆಸಬೇಡಿ, ಅವರು ಕುಳಿತು ಹೇಳಲಿ, ನೀವೂ ಮಕ್ಕಳೂ ಬರೆಯಿರಿ. ಮಗನನ್ನೂ ಕೂರಿಸಿ. ಇದು ಹೆಣ್ಣುಮಕ್ಕಳ ಕೆಲಸ ಎಂದು ಬಿಟ್ಟರೆ ಹೊರೆ ಮತ್ತೆ ಒಂದೇ ಕಡೆ ಬೀಳುತ್ತದೆ.

ಹಬ್ಬಗಳಲ್ಲಿ ಎರಡನ್ನು ಹಿಡಿದರೆ ಸಾಕು ಎಂಬುದು ನನ್ನ ಸಲಹೆ. ಮೊದಲನೆಯದು ಘುಘುತಿಯಾ, ಸಂಕ್ರಾಂತಿಯ ಹೊತ್ತಿಗೆ ಅತ್ತೆಯವರು ಹೇಗೂ ನಿಮ್ಮಲ್ಲಿರುತ್ತಾರೆ. ಬೆಲ್ಲದ ನೀರಿನಲ್ಲಿ ಗೋಧಿಹಿಟ್ಟು ಕಲಸಿ, ಹೊಸೆದು, ಹಕ್ಕಿ, ಕತ್ತಿ, ಡಮರುಗಳ ಆಕಾರ ಮಾಡಿ ಕರಿದು, ದಾರಕ್ಕೆ ಪೋಣಿಸಿ ನಡುವೆ ಒಂದು ಕಿತ್ತಳೆ ಸೇರಿಸಿ ಮಕ್ಕಳ ಕೊರಳಿಗೆ ಹಾಕಿದರೆ, ಅವರು 'ಕಾಲೇ ಕೌವಾ' ಎಂದು ಕೂಗಿ ಕಾಗೆಗಳನ್ನು ಕರೆಯುತ್ತಾರೆ. ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿ ಇದಕ್ಕೆ ಜಾಗವಿದೆ, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ. ಎರಡನೆಯದು ಜುಲೈ ಮಧ್ಯದ ಕರ್ಕಾಟಕ ಸಂಕ್ರಮಣದಂದು ಬರುವ ಹರೇಲಾ. ಹತ್ತು ದಿನ ಮೊದಲು ಐದೋ ಏಳೋ ಬಗೆಯ ಧಾನ್ಯವನ್ನು ಬುಟ್ಟಿಯ ಮಣ್ಣಿನಲ್ಲಿ ಬಿತ್ತಿ, ಬಿಸಿಲು ತಾಗದಂತೆ ಇಟ್ಟು, ಹಳದಿಯಾಗಿ ಬೆಳೆದ ಎಳೆ ಪೈರನ್ನು ಕತ್ತರಿಸಿ ಹಿರಿಯರು ಕಿರಿಯರ ತಲೆಯ ಮೇಲಿಡುತ್ತಾರೆ. ಆಗ ಹೇಳುವ ಹರಕೆ 'ಜೀ ರಯಾ, ಜಾಗಿ ರಯಾ' ಎಂದು ಆರಂಭವಾಗುತ್ತದೆ: ಬದುಕಿರಿ, ಎಚ್ಚರವಾಗಿರಿ, ಗರಿಕೆಯಂತೆ ಹಬ್ಬಿರಿ, ನರಿಯ ಬುದ್ಧಿ ಬರಲಿ, ಒರಳುಕಲ್ಲಿನಲ್ಲಿ ಅರೆದ ಅನ್ನ ಉಣ್ಣುವಷ್ಟು, ಕೋಲೂರಿಕೊಂಡು ಬಯಲಕಡೆಗೆ ಹೋಗುವಷ್ಟು ಮುಪ್ಪಾಗುವವರೆಗೆ ಬಾಳಿರಿ. ಕೊನೆಯ ಮಾತಿಗೆ ಮಕ್ಕಳು ನಗದೇ ಇರುವುದಿಲ್ಲ, ನಗಲಿ. ಊರಿನಲ್ಲಿರುವ ತಾಯಂದಿರು ಆ ಎಳೆಗಳನ್ನು ಲಕೋಟೆಯಲ್ಲಿಟ್ಟು ದೂರದ ಮಕ್ಕಳಿಗೆ ಅಂಚೆಯಲ್ಲಿ ಕಳಿಸುವುದು ಬಹಳ ಹಿಂದಿನಿಂದ ಇದೆ. ವಲಸೆಯನ್ನು ಎದುರಿಸುವ ದಾರಿಯನ್ನು ಆ ಸಮಾಜ ತಾನೇ ಕಂಡುಕೊಂಡಿತ್ತು. ಅತ್ತೆಯವರು ಕಳಿಸಲಿ, ನೀವೂ ಬಾಲ್ಕನಿಯ ಕುಂಡದಲ್ಲಿ ಬಿತ್ತಿ. ಅವರ ಗಹತ್ ನಮ್ಮ ಹುರುಳಿಯೇ, ಮಡುವಾ ನಮ್ಮ ರಾಗಿಯೇ, ಆದ್ದರಿಂದ ಅಡುಗೆಮನೆಯಲ್ಲಿ ನಿಮಗೆ ಹೊಸದಾಗಿ ಕಲಿಯುವುದು ಕಡಿಮೆ.

ಜಾಗರ್ ವಿಷಯದಲ್ಲಿ ಎಚ್ಚರದಿಂದ ಮಾತನಾಡಬೇಕಾಗಿದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರೂ, ಮಾಡಿಸದಿದ್ದರೆ ಮನೆ ಹಾಳಾಗುತ್ತದೆ ಎಂದು ಹೆದರಿಸುವವರೂ ಅದನ್ನು ಸರಿಯಾಗಿ ನೋಡಿಲ್ಲ. ರಾತ್ರಿ ಧುನಿಯ, ಅಂದರೆ ಪವಿತ್ರ ಬೆಂಕಿಯ ಬಳಿ ಕುಟುಂಬದವರೆಲ್ಲ ಸೇರುತ್ತಾರೆ. ಜಾಗರಿಯಾ ಹುಡುಕಾ ಬಾರಿಸುತ್ತ, ಜೊತೆಯವನು ಕಂಚಿನ ತಟ್ಟೆ ಬಡಿಯುತ್ತ, ಗೋಲೂ, ಗಂಗನಾಥ್, ಐಡಿ, ಸೈಮ್ ಮೊದಲಾದ ದೈವಗಳ ಹುಟ್ಟಿನ ಕಥೆಯನ್ನು ಹಾಡುತ್ತಾನೆ. ಡಂಗರಿಯಾನ ಮೈಮೇಲೆ ದೈವ ಬಂದಾಗ ಮನೆಯವರು ತಮ್ಮ ಕಷ್ಟವನ್ನೂ, ಪರಸ್ಪರರ ಮೇಲಿನ ದೂರನ್ನೂ ಹೇಳಿಕೊಳ್ಳುತ್ತಾರೆ. ಕರಾವಳಿಯ ಕೋಲ, ದರ್ಶನಗಳನ್ನು ಕಂಡವರಿಗೆ ಇದರ ಸ್ವರೂಪ ಅಪರಿಚಿತವೆನಿಸದು. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಆ ರಾತ್ರಿ ದೈವದೆದುರು ಒಬ್ಬರಿಗೊಬ್ಬರು ಉತ್ತರ ಕೊಡಬೇಕಾಗುತ್ತದೆ. ಕುಟುಂಬದ ಒಳಗಿನ ಅನ್ಯಾಯಕ್ಕೆ ಅದೊಂದು ನ್ಯಾಯಸ್ಥಾನ. ಗೋಲೂ ದೇವತೆಯನ್ನು ನ್ಯಾಯದ ದೇವರೆಂದೇ ಕರೆಯುತ್ತಾರೆ. ಅಲ್ಮೋಡಾ ಬಳಿಯ ಚಿತಯಿ ದೇವಸ್ಥಾನದಲ್ಲಿ ಜನರು ಸ್ಟ್ಯಾಂಪ್ ಕಾಗದದ ಮೇಲೆ ಬರೆದ ಅರ್ಜಿಗಳು ಸಾವಿರಾರು ಗಂಟೆಗಳ ನಡುವೆ ನೇತಾಡುತ್ತಿರುತ್ತವೆ.

ಆದರೆ ಉಬ್ಬಸಕ್ಕೆ ಚಿಕಿತ್ಸೆ ಮಕ್ಕಳ ವೈದ್ಯರಲ್ಲಿ. ಇದರಲ್ಲಿ ರಾಜಿ ಬೇಡ. ಇನ್ಹೇಲರ್ ಕೊಟ್ಟಿದ್ದರೆ ಅದನ್ನು ಯಾರ ಮಾತಿಗೂ ನಿಲ್ಲಿಸಬೇಡಿ, ಜಾಗರ್ ಮುಗಿಯುವವರೆಗೆ ಔಷಧ ಮುಂದೂಡೋಣ ಎಂಬ ಮಾತಿಗೆ ಒಪ್ಪಬೇಡಿ. ಧುನಿಯ ಹೊಗೆ, ಬೆಟ್ಟದ ರಾತ್ರಿಯ ಚಳಿ, ನಿದ್ದೆಗೆಡುವುದು, ಈ ಮೂರೂ ಉಬ್ಬಸದ ಮಗುವಿಗೆ ಕೇಡು. ಆದ್ದರಿಂದ ಜಾಗರ್ ನಡೆದರೂ ಮಗನನ್ನು ಅಲ್ಲಿ ಕೂರಿಸಬಾರದು. ಅಕ್ಕಿಕಾಳು ನೋಡಿ ಕಾರಣ ಹೇಳುವ ಗಣತುವಾ ಒ‌ಬ್ಬರ ನಂತರ ಒಬ್ಬರು ಹೊಸ ಹೊಸ ದೋಷ ಹೇಳುತ್ತ ಹೋದರೆ ಖರ್ಚಿಗೂ ಭಯಕ್ಕೂ ಮಿತಿಯಿರುವುದಿಲ್ಲ, ಅಂಥ ಸರಣಿಗೆ ಸಿಕ್ಕಿ ಸಾಲ ಮಾಡಿದ ಕುಟುಂಬಗಳನ್ನು ಬಲ್ಲೆ. ಇನ್ನೊಂದು ಸೂಕ್ಷ್ಮವಿದೆ. ರೋಗಕ್ಕೆ ದೈವದ ಮುನಿಸೇ ಕಾರಣ ಎಂದು ಒಮ್ಮೆ ಒಪ್ಪಿದರೆ, ಆ ಮುನಿಸಿಗೆ ಯಾರು ಕಾರಣ ಎಂಬ ಪ್ರಶ್ನೆ ಮುಂದೆ ಬರುತ್ತದೆ, ಬೆರಳು ಹೆಚ್ಚಾಗಿ ಸೊಸೆಯ ಕಡೆಗೇ ತಿರುಗುತ್ತದೆ.

ನಿಮ್ಮ ಮುಂದಿರುವ ಒಂದು ದಾರಿ, ಜಾಗರ್‌ಗೆ ಬೇಡವೆನ್ನುವುದು. ಆಗ ಮಗನಿಗೆ ಮುಂದೆ ಬರುವ ಪ್ರತಿ ಕೆಮ್ಮೂ ನಿಮ್ಮ ಲೆಕ್ಕಕ್ಕೆ ಬೀಳುವ ಸಂಭವವಿದೆ. ನನಗೆ ಸರಿಯೆನಿಸುವುದು, ಜಾಗರನ್ನು ಕಾಯಿಲೆಯಿಂದ ಬೇರ್ಪಡಿಸಿ ಒಪ್ಪುವುದು: ಅತ್ತೆಯವರೂ ಯಜಮಾನರೂ ಮೈದುನನೂ ಸೇರಿ, ಮಗನ ಹೆಸರಿನಲ್ಲಲ್ಲದೆ, ಮನೆತನದ ಹೆಸರಿನಲ್ಲಿ ಮಾಡಿಸಲಿ. ಖರ್ಚಿನ ಮಿತಿ ಮೊದಲೇ ತೀರ್ಮಾನವಾಗಲಿ, ಬಲಿ ಬೇಡವೆಂದರೆ ಅದನ್ನೂ ಮೊದಲೇ ಹೇಳಿ. ಬೆಂಗಳೂರಿನಿಂದ ಫೋನಿನ ವೀಡಿಯೊದಲ್ಲಿ ಕೈಮುಗಿದು ಕುಳಿತ ಕುಟುಂಬಗಳನ್ನೂ ಕಂಡಿದ್ದೇನೆ, ಡಂಗರಿಯಾ ಅದಕ್ಕೆ ತಕರಾರು ಮಾಡಿದ್ದು ಕಂಡಿಲ್ಲ. ಮಕ್ಕಳಿಗೆ ಜಾಗರ್ ಬೇಡ, ಗೋಲೂವಿನ ಕಥೆ ಸಾಕು. ಸವತಿಯರು ಹಸುಗೂಸನ್ನು ಮರೆಮಾಡಿ ರಾಣಿ ಹೆತ್ತದ್ದು ಅರೆಯುವ ಕಲ್ಲು ಎಂದು ನಂಬಿಸಿರುತ್ತಾರೆ. ಬೆಳೆದ ಹುಡುಗ ಮರದ ಕುದುರೆಯೊಂದಿಗೆ ಒರತೆಗೆ ಬಂದು ಅದಕ್ಕೆ ನೀರು ಕುಡಿಸಲು ಹೊರಡುತ್ತಾನೆ. ಮರದ ಕುದುರೆ ನೀರು ಕುಡಿಯುತ್ತದೆಯೇ ಎಂದು ನಕ್ಕ ರಾಣಿಯರಿಗೆ, ಹೆಂಗಸು ಕಲ್ಲು ಹೆರಬಹುದಾದರೆ ಮರದ ಕುದುರೆ ನೀರು ಏಕೆ ಕುಡಿಯಬಾರದು ಎನ್ನುತ್ತಾನೆ. ಇದನ್ನು ಅಜ್ಜಿಯೇ ಹೇಳಲಿ, ಕುಮಾವೂನಿಯಲ್ಲಿ.

ಉಳಿಸಬಾರದ್ದರ ಬಗ್ಗೆಯೂ ಹೇಳದಿದ್ದರೆ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಢೋಲ್ ಬಾರಿಸುವವರು, ಹಲವೆಡೆ ಜಾಗರ್ ಹಾಡುವವರು, ತಾಮ್ರದ ಪಾತ್ರೆ ಮಾಡುವವರು, ಕೆತ್ತನೆಯ ಬಾಗಿಲು ಮಾಡಿದವರು, ಅಂದರೆ ನಾವು ಕುಮಾವೂನಿ ಪರಂಪರೆ ಎಂದು ತೋರಿಸುವ ಬಹುಭಾಗವನ್ನು ಹೊತ್ತವರು, ಶಿಲ್ಪಕಾರ ಎಂದು ಕರೆಯಲಾಗುವ ದಲಿತ ಸಮುದಾಯದವರು. ಅವರ ವಾದ್ಯವಿಲ್ಲದೆ ಮದುವೆಯಿರಲಿಲ್ಲ, ಆದರೆ ಅವರ ಮನೆಯ ವರನೇ ಪಲ್ಲಕ್ಕಿಯಲ್ಲಿ ಕುಳಿತು ಹೋಗುವುದಕ್ಕೆ ಮೇಲ್ಜಾತಿಯವರ ತಡೆಯಿತ್ತು. 1980ರಲ್ಲಿ ಅಲ್ಮೋಡಾ ಜಿಲ್ಲೆಯ ಕಫಲ್ಟಾದಲ್ಲಿ ಇದೇ ವಿಷಯಕ್ಕೆ ದಿಬ್ಬಣದ 14 ಜನರ ಹತ್ಯೆ ನಡೆಯಿತು. ಬೆಟ್ಟದ ಮುಗ್ಧತೆ, ಒಗ್ಗಟ್ಟು ಎಂದು ನಗರದ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಕೇಳುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹೆಣ್ಣನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಕಳಿಸುವ ರೂಢಿಯೂ ಸಂಪ್ರದಾಯವೆಂದೇ ಕರೆಸಿಕೊಂಡಿತ್ತು. ಇವು ನಿಮ್ಮ ಮನೆಯೊಳಗೆ ಯಾವ ರೂಪದಲ್ಲಿ ಬಂದರೂ, ಉದಾಹರಣೆಗೆ ಊರಿನಲ್ಲಿ ಜಾಗರಿಯಾನಿಗೆ ಬೇರೆ ಲೋಟ ಇಡುವ ಸಂದರ್ಭ ಬಂದರೆ, ನೀವು ಅದನ್ನು ಮುಂದುವರಿಸಬೇಕಿಲ್ಲ. ಜಾಗರ್ ಮಾಡಿಸಿದರೆ ಆ ಕಲಾವಿದರಿಗೆ ಒಳ್ಳೆಯ ಸಂಭಾವನೆ ಕೊಡಿ, ನಿಮ್ಮ ಜೊತೆ ಕೂರಿಸಿ ಊಟಕ್ಕೆ ಬಡಿಸಿ. ಹಾಡುವವನ ಮಗ ಹುಡುಕಾ ಬಿಟ್ಟು ಹೋಟೆಲ್ ಕೆಲಸಕ್ಕೆ ಹೋದದ್ದರಲ್ಲಿ ಬಡತನದಷ್ಟೇ ಪಾತ್ರ ಅವಮಾನದ್ದೂ ಇದೆ.

ಮನೆಯ ವಿಷಯ ಹೆಚ್ಚು ವ್ಯಾವಹಾರಿಕವಾದದ್ದು. ಕಲ್ಲು ಮಣ್ಣಿನ ಗೋಡೆ, ಪಾಥರ್ ಎಂಬ ಕಲ್ಲುಹಲಗೆಯ ಮಾಡಿನ ಮನೆಗಳು ಜನರಿದ್ದಷ್ಟು ದಿನ ಗಟ್ಟಿ. ಒಂದು ಹಲಗೆ ಜಾರಿ ಸೋರಲು ಆರಂಭವಾದರೆ ಕೆಲವೇ ಮಳೆಗಾಲದಲ್ಲಿ ತೊಲೆ ಕೊಳೆತು ಕುಸಿಯುತ್ತವೆ. ಆದ್ದರಿಂದ ಏನನ್ನೂ ತೀರ್ಮಾನಿಸದೆ ಬೀಗ ಹಾಕಿ ಇಡುವುದೇ ಅತ್ಯಂತ ಕೆಟ್ಟ ಆಯ್ಕೆ. ಹೋಂಸ್ಟೇ ಮಾಡುವ ಸಲಹೆ ಎಲ್ಲರೂ ಕೊಡುತ್ತಾರೆ. ಊರಿನಲ್ಲಿಯೇ ಇದ್ದು ನೋಡಿಕೊಳ್ಳುವ ಒಬ್ಬರಿಲ್ಲದಿದ್ದರೆ ಅದು ನಷ್ಟದ ಬಾಬತ್ತು. ಊರಿನಲ್ಲಿ ಉಳಿದ ದಾಯಾದಿ ಕುಟುಂಬಕ್ಕೆ ಬಾಡಿಗೆಯಿಲ್ಲದೆ ಬಳಸಲು ಕೊಟ್ಟು, ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಸರಿಪಡಿಸುವ ಖರ್ಚನ್ನು ನೀವು ಹೊರುವುದು ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಅದರಲ್ಲಿರುವ ಅಪಾಯ, ಮುಂದೆ ಸ್ವಾಧೀನದ ತಕರಾರು ಏಳುವುದು, ಆದ್ದರಿಂದ ಬರವಣಿಗೆಯಲ್ಲಿ ಒಪ್ಪಂದವಿರಲಿ. ಮಾರುವುದೇ ಆದರೆ ಅವಸರ ಬೇಡ. ಬೆಟ್ಟದ ಬಹಳಷ್ಟು ಜಮೀನು ಇಂದಿಗೂ 'ಗೋಲ್ ಖಾತಾ'ದಲ್ಲಿ, ಅಂದರೆ ಹಲವು ದಾಯಾದಿಗಳ ಜಂಟಿ ಹೆಸರಿನಲ್ಲಿದೆ, ಯಾರ ಪಾಲು ಯಾವುದೆಂಬುದೇ ಕಾಗದದಲ್ಲಿ ಇರುವುದಿಲ್ಲ. 2025ರಲ್ಲಿ ರಾಜ್ಯ ಭೂಕಾನೂನನ್ನು ಬಿಗಿಗೊಳಿಸಿದ ಮೇಲೆ ಅಲ್ಮೋಡಾ ಸೇರಿದಂತೆ 11 ಜಿಲ್ಲೆಗಳಲ್ಲಿ ಹೊರರಾಜ್ಯದವರಿಗೆ ಕೃಷಿಭೂಮಿ ಮಾರುವುದಕ್ಕೆ ನಿರ್ಬಂಧವೂ ಇದೆ. ಮೈದುನ ಮುಂಗಡ ತೆಗೆದುಕೊಳ್ಳುವ ಮೊದಲು ತಹಸೀಲು ಕಚೇರಿಯಿಂದ ಖತೌನಿ ಎಂಬ ಜಮೀನಿನ ಹಕ್ಕು ದಾಖಲೆಯ ಪ್ರತಿ ತೆಗೆಸಿ, ಅಲ್ಲಿನ ವಕೀಲರಿಗೆ ತೋರಿಸಿ, ಅತ್ತೆಯವರ ಹೆಸರು ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ. ಗಂಡ ತೀರಿಕೊಂಡ ಮೇಲೂ ಹೆಂಡತಿಯ ಹೆಸರು ಖಾತೆಗೆ ಏರದೆ ಉಳಿದಿರುವುದು ಅಲ್ಲಿ ಅಪರೂಪವಲ್ಲ. ಹಾಗೇನಾದರೂ ಆಗಿದ್ದರೆ ಮಾರಾಟದ ಮಾತಿಗೂ ಮೊದಲು ಅದನ್ನು ಸರಿಪಡಿಸಬೇಕು. ಕೆತ್ತನೆಯ ಬಾಗಿಲು, ಕಿಟಕಿಗಳಿದ್ದರೆ ಹಳೆಯ ಸಾಮಾನು ಕೊಳ್ಳುವ ದಲ್ಲಾಳಿಗಳು ಮನೆಗಿಂತ ಮೊದಲು ಅವನ್ನು ಕೇಳಿಕೊಂಡು ಬರುತ್ತಾರೆ. ಅವನ್ನು ಬಿಡಿಯಾಗಿ ಕೊಡಬೇಡಿ.